'ಲಭ್ಯವಿಲ್ಲ' ಅಂದರೆ ಯಾವ ಕಾಲಂ?

ಕೇಳುಗರೆಲ್ಲರಿಗೂ ನಮಸ್ಕಾರ.

ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡೇ ಮೈಕಿನ ಮುಂದೆ ಕೂತಿದ್ದೇನೆ. ಮೇಲೆ ಕಚೇರಿಯ ಹೆಸರು. ಬಲಗಡೆ ತಾರೀಕು. ನಡುವೆ 'ಹಿಂಬರಹ' ಅಂತ ಅಡಿಗೆರೆ ಎಳೆದ ತಲೆಬರಹ. ಅದರ ಕೆಳಗೆ ಇರುವುದು ಒಂದೇ ವಾಕ್ಯ: "ತಾವು ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಿದೆ." ಒಂದು ಸಹಿ, ಒಂದು ದುಂಡು ಮೊಹರು, ಮುಗೀತು. ಇಂಥ ಹಾಳೆ ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಇರಬಹುದು.

ನಾನು ಕೇಳಿದ್ದು ದೊಡ್ಡದೇನಲ್ಲ. ನಮ್ಮೂರು ಕಲಬುರಗಿಯಿಂದ ಬಸ್ಸಿಗೆ ಒಂದೂವರೆ ಗಂಟೆ. ಅಲ್ಲಿ ನಮ್ಮ ಓಣಿಗೆ ಸಿಸಿ ರಸ್ತೆ ಹಾಕಿದರು. ಎರಡೇ ಮಳೆಗಾಲಕ್ಕೆ ಅದು ಬಿರುಕು ಬಿಟ್ಟಿತು, ಜಲ್ಲಿ ಮೇಲೆದ್ದಿತು, ಈಗ ತೊಗರಿ ಚೀಲ ಹೇರಿಕೊಂಡ ಒಂದು ಟಂಟಂ ಹೋದರೆ ಸಾಕು, ಧೂಳು ಮನೆಯೊಳಗಿನ ರೊಟ್ಟಿ ಬುಟ್ಟಿತನಕ ಬರುತ್ತದೆ. ನಮ್ಮ ಕಾಕಾ ಕಟ್ಟೆ ಮೇಲೆ ಕೂತು ದಿನಾ ಅದನ್ನೇ ನೋಡುತ್ತಾರೆ. "ಎಷ್ಟ್ ದಪ್ಪ ಹಾಕಬೇಕಿತ್ತು, ಎಷ್ಟ್ ಹಾಕ್ಯಾರ, ಅದೊಂದ್ ಕೇಳ್ಕೊಂಡ್ ಬಾರವ್ವ" ಅಂದರು. ಹಾಗಾಗಿ ಆ ರಸ್ತೆಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ನಕಲು ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದೆ. ಅಳತೆ ಪುಸ್ತಕ ಅಂದರೆ ಎಂಜಿನಿಯರುಗಳು ಎಂ.ಬಿ. ಅನ್ನುತ್ತಾರಲ್ಲ, ಅದು. ಕೆಲಸ ಮುಗಿದ ಮೇಲೆ ಉದ್ದ, ಅಗಲ, ದಪ್ಪ ಅಳೆದು ಬರೆಯುವ ಪುಸ್ತಕ. ಬಿಲ್ಲು ಆಗುವುದು ಅದರ ಮೇಲೆಯೇ.

ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ದಾಟಲಿಲ್ಲ. ದೊಡ್ಡ ಅಂಚೆ ಕಚೇರಿಗೆ ಹೋಗಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ತಂದು ಲಗತ್ತಿಸಿದೆ. ಕಾನೂನು ಪ್ರಕಾರ 30 ದಿನದಲ್ಲಿ ಉತ್ತರ ಬರಬೇಕು. 41ನೇ ದಿನ ಈ ಹಾಳೆ ಬಂತು.

ಬೇಜಾರಾಯಿತು, ನಿಜ. ಆದರೆ ನಾಲ್ಕು ದಿನ ಬಿಟ್ಟು ಮತ್ತೆ ಓದಿದಾಗ ತಲೆಯಲ್ಲಿ ಬೇರೊಂದು ಪ್ರಶ್ನೆ ಎದ್ದಿತು. ವರ್ಷದ ಕೊನೆಗೆ ಸರ್ಕಾರ ಲೆಕ್ಕ ಹಾಕುವಾಗ ನನ್ನ ಈ ಅರ್ಜಿ ಯಾವ ಕಾಲಂಗೆ ಹೋಗುತ್ತದೆ? ಇವತ್ತು ನಿಮ್ಮ ಹತ್ತಿರ ಮಾತಾಡಬೇಕು ಅಂತ ಬಂದಿದ್ದು ಆ ಲೆಕ್ಕದ ಬಗ್ಗೆ.

ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಆ ವರ್ಷ ಅಕ್ಟೋಬರ್ 12ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಅರ್ಜಿ ಹಾಕುವುದು, ಮೇಲ್ಮನವಿ, ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಇವೆಲ್ಲ ಜನರಿಗೆ ಗೊತ್ತು. 25ನೇ ಕಲಮು ಅಂತ ಒಂದಿದೆ, ಅದನ್ನು ಓದಿದವರು ಕಡಿಮೆ. ಅದು ಹೇಳುವುದಿಷ್ಟು. ಪ್ರತಿ ವರ್ಷ ಮಾಹಿತಿ ಆಯೋಗ, ಅಂದರೆ ಎರಡನೇ ಮೇಲ್ಮನವಿ ಕೇಳುವ ಸಂಸ್ಥೆ, ಒಂದು ವರದಿ ಮಾಡಬೇಕು, ಅದಕ್ಕೆ ಬೇಕಾದ ಅಂಕಿಗಳನ್ನು ಪ್ರತಿ ಇಲಾಖೆ ತನ್ನ ಕೈಕೆಳಗಿನ ಕಚೇರಿಗಳಿಂದ ಕೂಡಿಸಿ ಕೊಡಬೇಕು, ಆ ವರದಿ ವಿಧಾನಸಭೆ, ವಿಧಾನ ಪರಿಷತ್ತು ಎರಡರ ಮುಂದೆಯೂ ಹೋಗಬೇಕು. ಯಾವ ಕಚೇರಿಗೆ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಕೊಡುವುದಿಲ್ಲ ಅಂದರು, ಯಾವ ಕಲಮು ಹೇಳಿ ಹಾಗಂದರು, ಆ ಕಲಮನ್ನು ಎಷ್ಟು ಸಲ ಬಳಸಿದರು, ಎಷ್ಟು ಶುಲ್ಕ ಬಂತು, ಯಾವ ಅಧಿಕಾರಿಯ ಮೇಲೆ ಶಿಸ್ತು ಕ್ರಮ ಆಯಿತು, ಎಲ್ಲ ಅದರಲ್ಲಿರಬೇಕು. ಕಾಯ್ದೆಯ ಆಶಯ ಈಡೇರಿಸಲು ಕಚೇರಿಗಳು ಏನು ಪ್ರಯತ್ನ ಮಾಡಿದವು ಅನ್ನುವುದನ್ನೂ ಬರೆಯಬೇಕು ಅಂತಿದೆ. ನೋಡಿ, ಆಶಯ ಅನ್ನುವ ಮಾತು ನಾನು ಸೇರಿಸಿದ್ದಲ್ಲ, ಕಾನೂನಿನಲ್ಲೇ ಇದೆ.

ಯೋಚನೆ ಮಾಡಿ. ನಮ್ಮೂರಿನ ಮೂಲೆಯ ಕಚೇರಿಯಲ್ಲಿ ನಾನು ಕೊಟ್ಟ ಒಂದು ಹಾಳೆ ಒಂದು ಅಂಕಿಯಾಗಿ ತಾಲ್ಲೂಕು ದಾಟಿ, ಜಿಲ್ಲೆ ದಾಟಿ, ಬೆಂಗಳೂರಿನಲ್ಲಿ ಶಾಸಕರ ಮೇಜಿನ ತನಕ ಹೋಗಬೇಕು. ಅದು ನನಗೆ ತುಂಬ ಹಿಡಿಸಿದ ವಿಷಯ. ನಮ್ಮ ಭಾಗದವರು ಇದರ ಬೆಲೆ ಬೇಗ ತಿಳಿಯುತ್ತಾರೆ, ಯಾಕೆಂದರೆ ಬೆಂಗಳೂರಿಗೆ ನಾವು ಹೋಗಬೇಕಾದರೆ ಒಂದು ರಾತ್ರಿಯ ರೈಲು ಪ್ರಯಾಣ, ಒಂದೆರಡು ದಿನದ ಕೂಲಿ ನಷ್ಟ. ಆಯೋಗದ ಪೀಠ ಕಲಬುರಗಿಯಲ್ಲೇ ಆದ ಮೇಲೆ ಬೀದರ್, ಯಾದಗಿರಿಯವರಿಗೂ ಎಷ್ಟೋ ಹಗುರಾಯಿತು.

ಈಗ ನನ್ನ ಹಾಳೆಗೆ ಬರೋಣ. ಮಾಹಿತಿ ಕೊಡುವುದಿಲ್ಲ ಅನ್ನಬೇಕಾದರೆ ಅಧಿಕಾರಿ ಕಾರಣ ಬರೆಯಬೇಕು. ಯಾರಿಗೆ ಮೇಲ್ಮನವಿ ಹಾಕಬೇಕು, ಎಷ್ಟು ದಿನದೊಳಗೆ ಹಾಕಬೇಕು ಅನ್ನುವುದನ್ನೂ ತಿಳಿಸಬೇಕು. 8ನೇ ಕಲಮಿನಲ್ಲಿ ಯಾವ ಯಾವ ಮಾಹಿತಿ ಕೊಡಬೇಕಿಲ್ಲ ಅಂತ ಪಟ್ಟಿಯೇ ಇದೆ. ದೇಶದ ಭದ್ರತೆ, ನಡೆಯುತ್ತಿರುವ ತನಿಖೆ, ಖಾಸಗಿ ವಿವರ, ಹೀಗೆ. 'ಲಭ್ಯವಿಲ್ಲ' ಅನ್ನುವುದು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ನನಗೆ ಬಂದ ಹಿಂಬರಹದಲ್ಲಿ ಕಲಮೂ ಇಲ್ಲ, ಮೇಲ್ಮನವಿಯ ಮಾತೂ ಇಲ್ಲ. ಹಾಗಾದರೆ ಅದು ಕೊಟ್ಟ ಹಾಗೋ, ಕೊಡದ ಹಾಗೋ?

ಮೊದಲ ಮೇಲ್ಮನವಿ ಹಾಕಿದೆ. ವಿಚಾರಣೆಯ ದಿನ ಮೇಲಧಿಕಾರಿಯವರು ಕೇಳಿದ ಮೊದಲ ಪ್ರಶ್ನೆ, "ಇದು ನಿಮಗ್ಯಾಕ ಬೇಕ್ರಿ ಅಕ್ಕಾರ?" ಕಾರಣ ಹೇಳಬೇಕಿಲ್ಲ ಅಂತ 6ನೇ ಕಲಮಿನಲ್ಲಿದೆ ಸರ್, ಆದರೂ ಹೇಳ್ತೀನಿ ಅಂತ ಕಾಕಾನ ಕಟ್ಟೆಯ ಕತೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಆ ಮಾತು ಹೇಳಲೇಬೇಕು. ಕಡತ ಹುಡುಕಿಸಿ, ಇವರನ್ನೂ ಕರೆದುಕೊಂಡು ಹೋಗಿ ತೋರಿಸಿ ಅಂತ ಅಲ್ಲಿಯೇ ಬರೆದುಕೊಟ್ಟರು.

ರೆಕಾರ್ಡ್ ರೂಮು ಅಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಂದೇ ಬಲ್ಬು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಗೋಡೆಯ ಉದ್ದಕ್ಕೂ ಸೊಂಟದ ಮಟ್ಟಕ್ಕೆ. ಕೆಳಗಿನ ಸಾಲಿಗೆ ವರಲಿ ಹತ್ತಿ ಮಣ್ಣು ಮೆತ್ತಿಕೊಂಡಿತ್ತು. ನನ್ನ ಜೊತೆ ಬಂದ ಗುಮಾಸ್ತರಿಗೆ ಆ ಕೋಣೆ ಬಿಟ್ಟು ಇನ್ನೂ ಮೂರು ಟೇಬಲ್ಲಿನ ಕೆಲಸ ಇತ್ತು. ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಒಂದೊಂದೇ ಗಂಟು ಬಿಚ್ಚಿದರು, ನಾನು ಚೀಟಿ ಓದುತ್ತಾ ಹೋದೆ. ಎರಡು ತಾಸು ಹಿಡಿಯಿತು. ಬೇರೆ ವರ್ಷದ ಚೀಟಿ ಅಂಟಿಸಿದ ಗಂಟಿನಲ್ಲಿ ನಮ್ಮ ಓಣಿಯ ಅಳತೆ ಪುಸ್ತಕ ಸಿಕ್ಕಿತು. ಅದು ಅಲ್ಲೇ ಇತ್ತು. 'ಲಭ್ಯವಿಲ್ಲ' ಅಂತ ಸಹಿ ಹಾಕಿದ ದಿನವೂ ಆ ಸಹಿಯ ಕೆಳಗಿನ ಅಂತಸ್ತಿನಲ್ಲೇ ಇತ್ತು.

ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಕಡತಗಳನ್ನು ವಿಂಗಡಿಸಿ, ಸೂಚಿ ಮಾಡಿ ಇಡಬೇಕು ಅನ್ನುವುದು ಅದೇ ಕಾಯ್ದೆಯ 4ನೇ ಕಲಮಿನ ಮೊದಲ ಮಾತು. ಅದಕ್ಕೆ ಜನ ಬೇಕು, ಕಪಾಟು ಬೇಕು. ನಮ್ಮ ಭಾಗದಲ್ಲಿ ಇನ್ನೂ ಒಂದು ತೊಡಕಿದೆ. ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ, ಅಂಥ ಕಾಗದ ಕೇಳಿಕೊಂಡು ಹೋದರೆ ಅದನ್ನು ಓದಬಲ್ಲವರನ್ನು ಮೊದಲು ಹುಡುಕಬೇಕು. ಇನ್ನು ಯಾದಗಿರಿ ಬೇರೆ ಜಿಲ್ಲೆಯಾಗಿದ್ದು 2009ರ ಕೊನೆಗೆ. ಅದಕ್ಕೂ ಹಿಂದಿನ ಕಾಗದ ಕೇಳಿದರೆ ಕಲಬುರಗಿಗೆ ಹೋಗಿ ಅನ್ನುತ್ತಾರೆ, ಇಲ್ಲಿಗೆ ಬಂದರೆ ಯಾದಗಿರಿಗೆ ಕೊಟ್ಟಾಗಿದೆ ಅನ್ನುತ್ತಾರೆ. ಹಾಗೆ ಜನರನ್ನು ಅಲೆಸುವಂತಿಲ್ಲ. ಕಾಗದ ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ಅರ್ಜಿಯನ್ನು ಅವರೇ ಅಲ್ಲಿಗೆ ಕಳಿಸಿ ನಮಗೆ ತಿಳಿಸಬೇಕು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಭೂ ದಾಖಲೆ ಸ್ಕ್ಯಾನ್ ಆಗುತ್ತಿವೆ, ಅದು ಒಳ್ಳೆಯ ಕೆಲಸ. ಆದರೆ ಯಾವ ಕಚೇರಿಯಲ್ಲಿ ಕಾಗದ ಹೆಚ್ಚು ಕಳೆಯುತ್ತಿದೆ ಅಂತ ಗೊತ್ತಾಗದೆ ಕಪಾಟು ಎಲ್ಲಿಗೆ ಕೊಡಬೇಕು, ಜನ ಎಲ್ಲಿಗೆ ಕೊಡಬೇಕು ಅಂತ ಮೇಲಿನವರಿಗೆ ಹೇಗೆ ತಿಳಿಯಬೇಕು? ಅದನ್ನು ತಿಳಿಸಬೇಕಾದ್ದೇ ವರ್ಷದ ವರದಿ, ಅಲ್ವಾ?

ನಕಲು ಕೈಗೆ ಬಂದ ಮೇಲೆ ಅದೇ ಕಚೇರಿಯ ಮಾಹಿತಿ ಹಕ್ಕಿನ ವಹಿ ನೋಡಬೇಕು ಅಂತ ಇನ್ನೊಂದು ಅರ್ಜಿ ಹಾಕಿದೆ. ತೋರಿಸಿದರು. ಉದ್ದ ಸಾಲಿನ ದಪ್ಪ ರಿಜಿಸ್ಟರು. ನನ್ನ ಹೆಸರಿನ ಸಾಲಿಗೆ ಬೆರಳಿಟ್ಟು ಎಡದಿಂದ ಬಲಕ್ಕೆ ಓದಿದೆ. ಬಂದ ದಿನ ಇದೆ. ಶುಲ್ಕ 10 ರೂಪಾಯಿ ಇದೆ. ಕೊನೆಗೆ ಷರಾ ಕಾಲಂ, ಅಲ್ಲಿ 'ಹಿಂಬರಹ ನೀಡಿದೆ, ವಿಲೇವಾರಿ' ಅಂತ ನೀಲಿ ಶಾಯಿಯಲ್ಲಿ ಬರೆದಿದೆ. ವರ್ಷದ ತಖ್ತೆ, ಅಂದರೆ ವರದಿಗಾಗಿ ಮೇಲಕ್ಕೆ ಕಳಿಸುವ ಅಂಕಿಪಟ್ಟಿ, ಅದರ ಕಚೇರಿ ಪ್ರತಿ ಅದೇ ವಹಿಯಲ್ಲಿ ಮಡಚಿಟ್ಟಿತ್ತು. ಬಂದ ಅರ್ಜಿ ಎಷ್ಟೋ ವಿಲೇವಾರಿಯೂ ಅಷ್ಟೇ. ತಿರಸ್ಕೃತ ಅನ್ನುವ ಕಡೆ ಒಂದು ಸೊನ್ನೆ.

ಆ ಸೊನ್ನೆ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು. ನಾನು 41 ದಿನ ಕಾದಿದ್ದು, ಮೇಲ್ಮನವಿ ಬರೆದಿದ್ದು, ಕಾಕಾ ದಿನಾ ಸಂಜೆ ಫೋನ್ ಮಾಡಿ ಬಂತೇನವ್ವ ಅಂತ ಕೇಳಿದ್ದು, ಒಂದೂ ಅಲ್ಲಿ ಇಲ್ಲ. ಆ ತಖ್ತೆ ಓದಿದವರಿಗೆ ಅದೊಂದು ತುಂಬ ಒಳ್ಳೆಯ ಕಚೇರಿ. ತಪ್ಪು ಅಂಕಿ ಬರೆದಿದ್ದಾರೆ ಅಂತಲೂ ಹೇಳುವ ಹಾಗಿಲ್ಲ. ಕಲಮು ಹೇಳಿ ನಿರಾಕರಿಸಿದರೆ ತಾನೇ ಆ ಕಾಲಂಗೆ ಬರುವುದು?

ಎಷ್ಟು ದಿನ ಹಿಡಿಯಿತು ಅನ್ನುವುದೂ ಅಷ್ಟೇ. 25ನೇ ಕಲಮು ಕೊಡುವ ಪಟ್ಟಿಯಲ್ಲಿ ದಿನಗಳ ಲೆಕ್ಕ ಇಲ್ಲ. 30 ದಿನ ದಾಟಿದರೆ ನಕಲಿನ ಶುಲ್ಕ ಕೇಳದೆ ಪುಕ್ಕಟೆ ಕೊಡಬೇಕು ಅನ್ನುವ ನಿಯಮ ಇದೆ, ಒಳ್ಳೆಯ ನಿಯಮ. ಆದರೆ ವರದಿಗೆ ಹೋಗುವುದು ಬಂದ ಶುಲ್ಕ ಮಾತ್ರ. ತಡವಾಗಿದ್ದಕ್ಕೆ ಬಿಟ್ಟುಕೊಟ್ಟ ಶುಲ್ಕ ಎಷ್ಟು ಅಂತ ಒಂದು ಸಾಲು ಸೇರಿಸಿದ್ದರೆ ತಡವೂ ತಾನಾಗಿಯೇ ಕಾಣುತ್ತಿತ್ತು.

ಬೇರೆ ಕಡೆ ಇದನ್ನು ಮಾಡಿದ್ದಾರೆ. ಅಮೆರಿಕದಲ್ಲಿ ಇಂಥದೇ ಕಾನೂನು 1966ರಲ್ಲಿ ಬಂತು. ಅಲ್ಲಿನ ಕೇಂದ್ರ ಸರ್ಕಾರದ ಪ್ರತಿ ಇಲಾಖೆಯೂ ಪ್ರತಿ ವರ್ಷ ಕೊಡುವ ವರದಿಯಲ್ಲಿ ಉತ್ತರಕ್ಕೆ ಎಷ್ಟು ದಿನ ಹಿಡಿಯಿತು ಅನ್ನುವುದನ್ನು ಬರೆಯಬೇಕು. ಬಾಕಿ ಬಿದ್ದ ಅರ್ಜಿಗಳಲ್ಲಿ ಎಲ್ಲಕ್ಕಿಂತ ಹಳೆಯ 10 ಅರ್ಜಿಗಳು ಯಾವ ತಾರೀಕಿನವು ಅಂತ ಹೇಳಬೇಕು. ದಾಖಲೆ ಇಲ್ಲ ಅಂತ ಉತ್ತರ ಕೊಟ್ಟಿದ್ದು ಎಷ್ಟು ಅನ್ನುವುದಕ್ಕೆ ಬೇರೆಯೇ ಒಂದು ಕಾಲಂ ಇದೆ. ಅಲ್ಲಿಯೂ ತಡ ಆಗುತ್ತದೆ, ವರ್ಷಗಟ್ಟಲೆ ಕಾದವರಿದ್ದಾರೆ. ಕಾದಿದ್ದು ಕಾಗದದ ಮೇಲೆ ಉಳಿಯುತ್ತದೆ ಅನ್ನುವುದೊಂದು ವ್ಯತ್ಯಾಸ.

ನಮ್ಮಲ್ಲೂ ಇದಕ್ಕೆ ಹೊಸ ಕಾನೂನೇ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಯಾವ ಕಚೇರಿಯ ರೀತಿ ಕಾಯ್ದೆಗೆ ಹೊಂದುವುದಿಲ್ಲವೋ ಅದಕ್ಕೆ ಹೀಗೆ ಮಾಡಿ ಅಂತ ಶಿಫಾರಸು ಮಾಡುವ ಅಧಿಕಾರವನ್ನು 25ನೇ ಕಲಮೇ ಆಯೋಗಕ್ಕೆ ಕೊಟ್ಟಿದೆ. ತಖ್ತೆಗೆ ಎರಡು ಕಾಲಂ ಸೇರಿಸಲಿ. ಒಂದು, 'ಲಭ್ಯವಿಲ್ಲ' ಅಂತ ಉತ್ತರಿಸಿದ್ದು ಎಷ್ಟು. ಇನ್ನೊಂದು, 30 ದಿನ ದಾಟಿದ್ದು ಎಷ್ಟು. ಸಿಗಲಿಲ್ಲ ಅನ್ನುವ ಒಂದೇ ಮಾತು ಸಾಲದು ಅಂತ ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಒಮ್ಮೆ ಕಚೇರಿಯಲ್ಲಿದ್ದ ಕಾಗದವಾದರೆ ಸರಿಯಾಗಿ ಹುಡುಕಬೇಕು, ಕಳೆದಿದ್ದರೆ ಯಾರು ಹೊಣೆ ಅಂತ ಗೊತ್ತುಮಾಡಬೇಕು ಅಂತಿದೆ ಆ ತೀರ್ಪಿನಲ್ಲಿ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ದಾಖಲೆಗಳನ್ನು ಕಾಪಾಡುವುದಕ್ಕೆಂದೇ 2010ರ ಕಾಯ್ದೆ ಇದೆ.

ನಿಮಗೂ ಇಂಥ ಹಿಂಬರಹ ಬಂದಿದ್ದರೆ ಬಿಸಾಡಬೇಡಿ. ಅದು ಕೈಗೆ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದರಲ್ಲಿ ಬರೀ ಮಾಹಿತಿ ಕೊಡಿಸಿ ಅಂತ ಬರೆದು ನಿಲ್ಲಿಸಬೇಡಿ. ಯಾವ ಕಲಮಿನಡಿ ನಿರಾಕರಿಸಿದ್ದೀರಿ, ಎಲ್ಲೆಲ್ಲಿ ಹುಡುಕಿದ್ದೀರಿ ಅನ್ನುವುದನ್ನೂ ಕೇಳಿ. ನಿಮ್ಮ ಪಂಚಾಯಿತಿಯಲ್ಲೋ, ಶಾಲೆಯ ಬಿಇಒ ಕಚೇರಿಯಲ್ಲೋ ಮಾಹಿತಿ ಹಕ್ಕಿನ ವಹಿಯನ್ನು ಒಂದು ಸಲ ಕೂತು ನೋಡಿ. ಅರ್ಜಿ ಹಾಕಿ ದಾಖಲೆಯನ್ನು ಕಣ್ಣಾರೆ ನೋಡುವ ಹಕ್ಕು ನಿಮಗಿದೆ. ನಿಮ್ಮ ಹೆಸರಿನ ಮುಂದೆ ಷರಾದಲ್ಲಿ ಏನು ಬರೆದಿದ್ದಾರೆ ನೋಡಿಕೊಳ್ಳಿ.

ಅಂದ ಹಾಗೆ, ಅಳತೆ ಪುಸ್ತಕದಲ್ಲಿ ನಮ್ಮ ಓಣಿಯ ಕಾಂಕ್ರೀಟಿನ ದಪ್ಪ 15 ಸೆಂಟಿಮೀಟರ್ ಅಂತ ಬರೆದಿದೆ. ಕಾಕಾ ಮೊಮ್ಮಗನ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತರಿಸಿ, ರಸ್ತೆ ಮುರಿದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೂರು ಕಡೆ ಅಳೆದರು. ಎಲ್ಲಿಯೂ 9 ದಾಟಲಿಲ್ಲ. ಅದರ ದೂರು ಬೇರೆ ಹೋಗಿದೆ.

ಮಾಹಿತಿ ಹಕ್ಕಿನ ಲೆಕ್ಕಕ್ಕೆ ನಾನು ಇನ್ನೂ ಒಂದು ಅರ್ಜಿ ಹಾಕಿದ್ದೇನೆ, ಈ ಸಲ ಆ ಕಚೇರಿಯ ಮೇಲಿನ ಇಲಾಖೆಗೆ. 'ಲಭ್ಯವಿಲ್ಲ' ಅಂತ ಕೊಟ್ಟ ಹಿಂಬರಹಗಳನ್ನು ಆಯೋಗಕ್ಕೆ ಕಳಿಸುವ ತಖ್ತೆಯಲ್ಲಿ ಯಾವ ಕಾಲಂನಲ್ಲಿ ತೋರಿಸಬೇಕು ಅಂತ ಕೆಳಗಿನ ಕಚೇರಿಗಳಿಗೆ ಹೊರಡಿಸಿದ ಸುತ್ತೋಲೆ ಇದ್ದರೆ ಅದರ ನಕಲು ಕೊಡಿ ಅಂತ ಕೇಳಿದ್ದೇನೆ. ಸ್ವೀಕೃತಿ ಚೀಟಿಯನ್ನು ಈ ಹಿಂಬರಹದ ಹಿಂದೆಯೇ ಪಿನ್ ಮಾಡಿಟ್ಟಿದ್ದೇನೆ. 30 ದಿನ ಮುಗಿಯುವುದಕ್ಕೆ ಇನ್ನು 11 ದಿನ ಇವೆ.

ನಮಸ್ಕಾರ.