ಶಿಬಿರದ ಮಕ್ಕಳನ್ನು ಹೊರಗೆ ಬಿಡಿ

ನಮಸ್ಕಾರ. ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕ ಕೂಡಲೇ ನಮ್ಮ ಚರ್ಚುಗಳಲ್ಲಿ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್, ಮಕ್ಕಳ ರಜಾ ಬೈಬಲ್ ಶಾಲೆ) ಸಂಭ್ರಮ ಆರಂಭವಾಗುತ್ತದೆ. ಬಣ್ಣದ ಟೋಪಿ, ಅಭಿನಯ ಗೀತೆ, ಬಾಯಿಪಾಠದ ವಚನ, ಕೊನೆಯ ದಿನ ಬೀದಿಯಲ್ಲಿ ಮೆರವಣಿಗೆ. ಕೆಲವು ಸಭೆಗಳು, ಅಂದರೆ ಚರ್ಚಿನ ಸಮುದಾಯಗಳು, ಮಕ್ಕಳನ್ನು ಮೂರು ನಾಲ್ಕು ದಿನಗಳ ಮಟ್ಟಿಗೆ ಊರಾಚೆಯ ಶಿಬಿರಕ್ಕೂ ಕರೆದೊಯ್ಯುತ್ತವೆ. ಭಾನುವಾರದ ಶಾಲೆಯಲ್ಲಿ ಪಾಠ ಹೇಳುವ ನನಗೆ ಈ ಶಿಬಿರಗಳೆಂದರೆ ಬಹಳ ಪ್ರೀತಿ. ಪ್ರೀತಿ ಇರುವುದರಿಂದಲೇ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ.

ನಾವು ಬಸ್ಸು ಮಾಡಿಕೊಂಡು ಬೆಟ್ಟದ ಬುಡಕ್ಕೆ ಹೋಗುತ್ತೇವೆ. ಹೋಗಿ ಸಭಾಂಗಣದ ಕಿಟಕಿಗಳಿಗೆ ಪರದೆ ಎಳೆದು ಪ್ರೊಜೆಕ್ಟರ್ ಹಾಕುತ್ತೇವೆ! ಬೆಳಿಗ್ಗೆ ಹಾಡು, ಆಮೇಲೆ ಸಂದೇಶ, ಮತ್ತೆ ಹಾಡು, ಕರಕುಶಲ, ರಸಪ್ರಶ್ನೆ, ಸಂಜೆ ಇನ್ನೊಂದು ಸಂದೇಶ. ಮಕ್ಕಳಿಗೆ ಬೆಟ್ಟ ಕಾಣುವುದು ಊಟದ ಸಾಲಿನಲ್ಲಿ ನಿಂತಾಗ ಮಾತ್ರ. ಇದಕ್ಕೆ ಊರಿನ ಚರ್ಚಿನ ಹಾಲ್ ಸಾಕಿತ್ತು.

ಮಕ್ಕಳ ನಡುವಿನ ಇಂಥ ಕೆಲಸ ಬೆಳೆದು ಬಂದದ್ದೇ ಬಯಲಿನಲ್ಲಿ. 1868ರಲ್ಲಿ ವೇಲ್ಸ್‌ನ ಲ್ಯಾಂಡಡ್ನೊ ಕಡಲತೀರದಲ್ಲಿ ಜೋಸಯ್ಯ ಸ್ಪಿಯರ್ಸ್ ಎಂಬಾತ ಮರಳಿನ ಮೇಲೆ ‘ದೇವರು ಪ್ರೀತಿಸ್ವರೂಪಿ’ ಎಂಬ ಮಾತನ್ನು ದೊಡ್ಡ ಅಕ್ಷರಗಳಲ್ಲಿ ಗೀಚಿದ. ಆಡುತ್ತಿದ್ದ ಮಕ್ಕಳನ್ನು ಕರೆದು ಆ ಅಕ್ಷರಗಳನ್ನು ಸಿಂಗರಿಸಲು ಹೇಳಿದ. ಅವರು ಸಿಕ್ಕಿದ ಚಿಪ್ಪು, ಕಲ್ಲು, ಕಡಲಪಾಚಿ ತಂದು ಜೋಡಿಸಿದರು. ಅವನು ಮಕ್ಕಳಿಗೆ ಕಥೆ ಹೇಳಲು ಶುರುಮಾಡಿದ್ದು ಅದಾದ ನಂತರ. 1885ರಲ್ಲಿ ಅಮೆರಿಕದ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದ ಸಮ್ನರ್ ಡಡ್ಲಿ ಏಳು ಮಂದಿ ಹುಡುಗರನ್ನು ನ್ಯೂಯಾರ್ಕ್ ರಾಜ್ಯದ ಒಂದು ಕೆರೆಯ ದಂಡೆಗೆ ಕರೆದೊಯ್ದು ಆರಂಭಿಸಿದ ಶಿಬಿರ ಅವನ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ.

ಅಷ್ಟು ದೂರವೇಕೆ, ಸುವಾರ್ತೆಯನ್ನೇ ತೆಗೆದು ನೋಡಿ. ಯೇಸು ಬೆಟ್ಟದ ಮೇಲೆ, ದೋಣಿಯಲ್ಲಿ, ಹೊಲದ ನಡುವೆ ಕಲಿಸಿದ. ಆಕಾಶದ ಹಕ್ಕಿಗಳನ್ನು ನೋಡಿ ಎಂದು ಅವನು ಹೇಳಿದಾಗ ಕೇಳುತ್ತಿದ್ದವರು ತಲೆ ಎತ್ತಿದರೆ ಹಕ್ಕಿಗಳು ಕಾಣುತ್ತಿದ್ದವು. ನಮ್ಮ ಮಕ್ಕಳು ಅದೇ ವಚನವನ್ನು ಬಾಯಿಪಾಠ ಮಾಡಿ ಬಹುಮಾನ ಪಡೆಯುತ್ತಾರೆ. ಹೊರಗಿನ ಹಲಸಿನ ಮರದಲ್ಲಿ ಕೂಗುತ್ತಿರುವುದು ಕುಟ್ರು ಹಕ್ಕಿಯೋ ಕೋಗಿಲೆಯೋ ಎಂದು ಅವರಿಗೆ ಹೇಳಿಕೊಡುವವರಿಲ್ಲ.

ಹೊರಗೆ ಬಿಟ್ಟರೆ ಮಕ್ಕಳು ಏನು ಕಲಿಯುತ್ತಾರೆ ಎಂದು ಕೆಲವು ಹಿರಿಯರು ಕೇಳುತ್ತಾರೆ. ಮನೆಯಲ್ಲಿ ತಟ್ಟೆ ಎತ್ತಿಡದ ಹುಡುಗ ಇಲ್ಲಿ ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಾನೆ, ಎರಡನೆಯ ದಿನ ಪಕ್ಕದವನದ್ದನ್ನೂ ತೊಳೆಯುತ್ತಾನೆ. ಕತ್ತಲೆಯಲ್ಲಿ ಶೌಚಾಲಯಕ್ಕೆ ಹೋಗಲು ಹೆದರುವ ಹುಡುಗಿಯ ಜೊತೆಗೆ ಇನ್ನೊಬ್ಬಳು ಟಾರ್ಚ್ ಹಿಡಿದು ಎದ್ದು ಬರುತ್ತಾಳೆ. ಏರು ಹತ್ತುವಾಗ ತರಗತಿಯಲ್ಲಿ ಮೊದಲಿಗನಾದವನು ಏದುಸಿರು ಬಿಡುತ್ತಾನೆ. ಓದಿನಲ್ಲಿ ಹಿಂದಿರುವ, ಹಳ್ಳಿಯ ಸಭೆಯಿಂದ ಬಂದ ಹುಡುಗ ಕೈಕೊಟ್ಟು ಮೇಲಕ್ಕೆ ಎಳೆಯುತ್ತಾನೆ. ಅಂದಿನಿಂದ ಅವರಿಬ್ಬರ ನಡುವಿನ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಇದನ್ನು ಯಾವ ರಸಪ್ರಶ್ನೆ ಕಲಿಸುತ್ತದೆ ಹೇಳಿ.

ನನಗೆ ಬೈಬಲಿನ ಪ್ರವಾದಿ ಎಲೀಯನ ಪ್ರಸಂಗ ಬಹಳ ಇಷ್ಟ. ಸಾಕಾಗಿ ಹೋಗಿ ಅಡವಿಯಲ್ಲಿ ಗಿಡದ ಕೆಳಗೆ ಮಲಗಿದ ಅವನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಆಮೇಲೆ ಹೋರೇಬ್ ಬೆಟ್ಟದವರೆಗೆ 40 ದಿನಗಳ ನಡಿಗೆ. ಅಲ್ಲಿ ಬಿರುಗಾಳಿಯಲ್ಲಿ ದೇವರಿರಲಿಲ್ಲ, ಭೂಕಂಪದಲ್ಲಿ ಇರಲಿಲ್ಲ, ಬೆಂಕಿಯಲ್ಲಿಯೂ ಇರಲಿಲ್ಲ. ಕೊನೆಗೆ ಕೇಳಿಸಿದ್ದು ಮೆಲುದನಿ. ನಮ್ಮ ಶಿಬಿರಗಳಲ್ಲಿ ಧ್ವನಿವರ್ಧಕ ನಿಲ್ಲುವುದೇ ಇಲ್ಲವಲ್ಲ, ಆ ಮೆಲುದನಿ ಕೇಳಿಸುವುದು ಯಾವಾಗ?

ಇನ್ನು ಕೊನೆಯ ರಾತ್ರಿಯ ವಿಚಾರ. ಬೆಂಕಿಯ ಸುತ್ತ ಮಕ್ಕಳನ್ನು ಕೂರಿಸಿ, ನಿಧಾನದ ಹಾಡು ಹಾಡಿಸಿ, ಕಣ್ಣು ಮುಚ್ಚಿಸಿ, ಯೇಸುವನ್ನು ಸ್ವೀಕರಿಸುವವರು ಕೈ ಎತ್ತಿ ಎನ್ನುವ ಪದ್ಧತಿ ಹಲವು ಕಡೆ ಇದೆ. ಕೈಗಳನ್ನು ಎಣಿಸಿ ವರದಿಯಲ್ಲಿ ಬರೆಯುತ್ತಾರೆ. ದಯವಿಟ್ಟು ಇದನ್ನು ನಿಲ್ಲಿಸಿ. ನಿದ್ದೆಗೆಟ್ಟ, ಅಮ್ಮನ ನೆನಪಾಗಿ ಅಳು ಬರುತ್ತಿರುವ ಒಂಬತ್ತು ವರ್ಷದ ಮಗು ಪಕ್ಕದವರು ಎತ್ತಿದರೆಂದು ತಾನೂ ಕೈ ಎತ್ತುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಾಮ್ಯದ ರೈತ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಬೀಜ ಹೇಗೆ ಮೊಳೆಯಿತೆಂದು ಅವನಿಗೇ ತಿಳಿಯದು. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ಕಾಳು. ನಾವು ಮಾತ್ರ ನಾಲ್ಕನೆಯ ದಿನವೇ ಕಾಳು ತೂಗಲು ತಕ್ಕಡಿ ಹಿಡಿದು ನಿಲ್ಲುತ್ತೇವೆ. ಕೈ ಎತ್ತದ ಮಗು ನಾನು ಕೆಟ್ಟವನು ಎಂದುಕೊಂಡು ಮನೆಗೆ ಹೋದರೆ ಅದಕ್ಕೆ ಉತ್ತರ ಕೊಡುವವರು ಯಾರು?

ನಮ್ಮ ಶಿಬಿರಗಳಿಗೆ ನೆರೆಮನೆಯ ಹಿಂದೂ, ಮುಸ್ಲಿಂ ಮಕ್ಕಳೂ ಬರುತ್ತಾರೆ. ಬರಲಿ, ಸಂತೋಷ. ಅಲ್ಲಿ ಏನು ಹಾಡಿಸುತ್ತೇವೆ, ಏನು ಕಲಿಸುತ್ತೇವೆ ಎಂದು ಅವರ ತಂದೆತಾಯಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಇದು ಕಾನೂನಿನ ಭಯದಿಂದ ಮಾಡುವ ಕೆಲಸವಲ್ಲ, ನೆರೆಯವರ ಮೇಲಿನ ಗೌರವ.

ಹೊರಗೆ ಬಿಡುವುದೆಂದರೆ ಕೈಬಿಡುವುದಲ್ಲ. ಈಜು ಬಲ್ಲ ದೊಡ್ಡವರು ದಡದಲ್ಲಿ ಇಲ್ಲದಿದ್ದರೆ ಮಕ್ಕಳನ್ನು ಕೆರೆ, ಹೊಳೆಯ ನೀರಿಗೆ ಇಳಿಸಲೇಬಾರದು. ಕಲಬುರಗಿ, ರಾಯಚೂರಿನ ಕಡೆ ಮಧ್ಯಾಹ್ನದ ಬಿಸಿಲಿಗೆ ಮಕ್ಕಳನ್ನು ಬಿಡುವ ಮಾತೇ ಇಲ್ಲ. ಬೆಳಗಿನ ಜಾವ ಮತ್ತು ಸಂಜೆ ಅಲ್ಲಿನ ಸಮಯ. ಹುಡುಗಿಯರ ಕೋಣೆಗೆ ಮಹಿಳೆಯರೇ ಜವಾಬ್ದಾರರು. ಯಾವ ದೊಡ್ಡವರೂ ಒಂದು ಮಗುವಿನೊಡನೆ ಮರೆಯಲ್ಲಿ ಒಬ್ಬರೇ ಇರಕೂಡದು, ಅವರು ಸಭಾಪಾಲಕರೇ ಆಗಿದ್ದರೂ.

ಮಕ್ಕಳನ್ನು ಮನೆಯಿಂದ ಕಳುಹಿಸಲು ಹಿಂಜರಿಯುವ ತಾಯಂದಿರ ಸಂಕಟ ನನಗೆ ಅರ್ಥವಾಗುತ್ತದೆ. 12 ವರ್ಷದ ಯೇಸು ಯೆರೂಸಲೇಮಿನಲ್ಲಿ ಉಳಿದುಬಿಟ್ಟಾಗ ತಾಯಿ ಮರಿಯಳೂ ಅವನನ್ನು ಹುಡುಕಿ ಕಂಗೆಟ್ಟಿದ್ದಳು. ಸುವಾರ್ತೆ ಬರೆದ ಲೂಕನು ಆ ಪ್ರಸಂಗ ಮುಗಿಸಿ ಬರೆಯುವುದು ಅವನ ಬೆಳವಣಿಗೆಯ ಬಗ್ಗೆ: ಜ್ಞಾನದಲ್ಲಿ, ದೇಹದಲ್ಲಿ, ದೇವರ ಮತ್ತು ಜನರ ಪ್ರೀತಿಯಲ್ಲಿ.

ಸಭಾಪಾಲಕರೇ, ಶಿಬಿರ ನಡೆಸುವ ಅಣ್ಣ ಅಕ್ಕಂದಿರೇ, ಈ ವರ್ಷದ ವೇಳಾಪಟ್ಟಿಯನ್ನು ಇನ್ನೂ ಮುದ್ರಿಸಿಲ್ಲವಾದರೆ ಪ್ರತಿದಿನ ಸಂಜೆಯ ಎರಡು ಗಂಟೆಗಳನ್ನು ಖಾಲಿ ಬಿಡಿ. ಕಾರ್ಯಕ್ರಮ ಬೇಡ, ಸ್ಪರ್ಧೆ ಬೇಡ, ಮೈಕೂ ಬೇಡ. ಬೇಲಿಯ ಗೆರೆ ತೋರಿಸಿ, ನಾಲ್ಕು ಮೂಲೆಗಳಲ್ಲಿ ನಾಲ್ವರು ದೊಡ್ಡವರು ನಿಂತುಕೊಳ್ಳಿ. ಮರ ಹತ್ತುವವರು ಹತ್ತಲಿ, ಸುಮ್ಮನೆ ಕೂರುವವರು ಕೂರಲಿ. ಶುಲ್ಕ ಕಟ್ಟಲಾಗದ ಮನೆಯ ಮಕ್ಕಳ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆಯಿರಿ.