ಮಾಟುಂಗಾ ಸ್ಟೇಷನ್ನಿಗೆ ಜನ ಬಂದರು

[ಕತ್ತಲೆ. ಸ್ವಿಚ್ ಒತ್ತಿದ ಸದ್ದು. ಖಾಲಿ ಪ್ಲಾಟ್‌ಫಾರ್ಮಿಗೆ ನಾಲ್ಕು ಡಬ್ಬಿಯ ಪುಟ್ಟ ಲೋಕಲ್ ಬಂದು ನಿಲ್ಲುತ್ತದೆ.]

ನಮಸ್ಕಾರ. ಇದು ನಮ್ಮ ಮಾಟುಂಗಾ, ಮುಂಬೈಯ ಲೋಕಲ್ ಸ್ಟೇಷನ್ನಿನ ಪುಟ್ಟ ಮಾದರಿ. ಟ್ರೇನ್ ಬಂತು, ನಿಂತಿತು, ಹೊರಟಿತು. ಹತ್ತಿದವರಿಲ್ಲ, ಇಳಿದವರಿಲ್ಲ. ಮುಂಬೈಯಲ್ಲಿ ಪ್ಲಾಟ್‌ಫಾರ್ಮ್ ಹೀಗೆ ಖಾಲಿ ಇದ್ದರೆ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ನಿಲ್ಲಿಸಿದ್ದಾರೆ ಅಂತಲೇ ಲೆಕ್ಕ. ನಮ್ಮ ಡೊಂಬಿವ್ಲಿಯ ಮನೆಯ ಈ ಮೇಜಿನ ಮೇಲೆ ಎರಡು ವರ್ಷದಿಂದ ಮೆಗಾ ಬ್ಲಾಕೇ ನಡೆದಿದೆ. ಹಳಿ ಹಾಸಿದ್ದಾಯಿತು, ವೈರಿಂಗ್ ಆಯಿತು, ಛಾವಣಿಯ ತಗಡಿಗೆ ತುಕ್ಕು ಕೂಡ ಹಿಡಿಸಿದೆ. ಜನ ಮಾತ್ರ ಬಂದಿರಲಿಲ್ಲ. ಇವತ್ತು ಕರೆಸೋಣ.

ಮೊದಲು ಅಳತೆ. ಇದರಲ್ಲಿ ಒಂದು ತಮಾಷೆ ಇದೆ. ನಮ್ಮ ದೇಶದ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಅಂದರೆ ಐದೂವರೆ ಅಡಿ. ನಮ್ಮ ಕಡೆಯ ಸಾಧಾರಣ ಗಂಡಸಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಮಾದರಿ ರೈಲಿನ ಅಳತೆ ಎಚ್‌ಒ ಸ್ಕೇಲ್, ಅಂದರೆ 1:87, ನಿಜದ 87ರಲ್ಲಿ ಒಂದು ಪಾಲು. ಭಾಗಿಸಿ ನೋಡಿದರೆ 19 ಮಿಲಿಮೀಟರ್ ಚಿಲ್ಲರೆ. ಅದು ನಮ್ಮ ಗೊಂಬೆಯ ಎತ್ತರ. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಂತರ 16.5 ಮಿಲಿಮೀಟರ್, ಯಾಕೆಂದರೆ ಅದು ಯುರೋಪಿನ 1435 ಮಿಲಿಮೀಟರ್ ಹಳಿಗೆ ಹಾಕಿದ ಲೆಕ್ಕ. ನಮ್ಮ ಮನುಷ್ಯ ನಮ್ಮ ಹಳಿಗಿಂತ ಸುಮಾರು ಮೂರು ಮಿಲಿಮೀಟರ್ ಉದ್ದ!

[ಹಳಿಯ ಮೇಲೆ ಅಡ್ಡ ಇಟ್ಟ ಗೊಂಬೆ, ತಲೆ ಹೊರಗೆ ಚಾಚಿದೆ.]

ಅದಕ್ಕೇ ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್ ಗೊಂಬೆ ಎಷ್ಟೇ ಚೆಂದ ಇರಲಿ, ಹಳಿಯ ನಡುವೆ ನಿಲ್ಲಿಸಬೇಡಿ. ಅವನು ನಿಂತ ಕೂಡಲೇ ಹಳಿಯ ಬಡತನ ಬಯಲಾಗುತ್ತದೆ. ಜನ ಮೇಲೆ, ಪ್ಲಾಟ್‌ಫಾರ್ಮಿನಲ್ಲಿ ಇರಲಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಎಷ್ಟು ಗೊಂಬೆ ಬೇಕು? ಪ್ರಶ್ನೆಯೇ ತಪ್ಪು ಅಂತ ನನ್ನ ವಾದ. ಮೊದಲು ಗಂಟೆ ಎಷ್ಟು ಅಂತ ತೀರ್ಮಾನ ಮಾಡಿ. ಬೆಳಿಗ್ಗೆ ಒಂಬತ್ತು ಅಂದಿರೋ, ಕೆಲಸ ಕೆಟ್ಟಿತು. ಪೀಕ್ ಅವರ್‌ನಲ್ಲಿ 12 ಡಬ್ಬಿಯ ಲೋಕಲ್‌ನಲ್ಲಿ ನಾಲ್ಕೂವರೆ ಸಾವಿರದ ಆಸುಪಾಸು ಜನ ಇರುತ್ತಾರೆ. 12 ಡಬ್ಬಿ ಇಡಲು ನನ್ನ ಮನೆಯಲ್ಲಿ ಜಾಗವೇ ಇಲ್ಲ; ಒಂದು ಡಬ್ಬಿ ಸುಮಾರು 23 ಸೆಂಟಿಮೀಟರ್ ಅಂದರೂ ರೈಲು ಅಡುಗೆಮನೆಗೆ ಹೋಗಿ ನಿಲ್ಲುತ್ತದೆ. ನಾಲ್ಕೇ ಡಬ್ಬಿಗೆ ಅಂದರೂ ಸಾವಿರದೈನೂರು ಗೊಂಬೆ. ಯಾರು ಬಣ್ಣ ಹಚ್ಚುವವರು?

ನಾನು ಮಧ್ಯಾಹ್ನ ಮೂರು ಗಂಟೆ ಅಂತ ಇಟ್ಟುಕೊಂಡೆ. ಆಫೀಸಿನವರು ಆಫೀಸಿನಲ್ಲಿ. ಮನೆಯೂಟ ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳು ಖಾಲಿ ಡಬ್ಬ ವಾಪಸು ಒಯ್ಯುವ ಹೊತ್ತು. ಕಾಲೇಜು ಬಿಟ್ಟ ನಾಲ್ಕು ಹುಡುಗರು, ಹೂ ಕೊಳ್ಳಲು ಬಂದ ಇಬ್ಬರು ಹೆಂಗಸರು, ಬೆಂಚಿನ ಮೇಲೆ ಕಣ್ಣು ಮುಚ್ಚಿದ ಒಬ್ಬ ಅಜ್ಜ. ಒಟ್ಟು 27. ಗಂಟೆ ಗೊತ್ತಾದ ಮೇಲೆ ಬೆಳಕೂ ಗೊತ್ತಾಯಿತು: ಸೂರ್ಯ ಪಶ್ಚಿಮಕ್ಕೆ ವಾಲಿದ್ದಾನೆ, ಹಾಗಾಗಿ ಟೇಬಲ್ ಲ್ಯಾಂಪ್ ಆ ಕಡೆಗೆ, ನೆರಳು ಮಾಟುಂಗಾ ಈಸ್ಟಿನ ಹೂವಿನ ಅಂಗಡಿಗಳ ಕಡೆಗೆ.

[ಪ್ಲಾಸ್ಟಿಕ್ ಚೀಲದಿಂದ ಬಿಳಿ ಗೊಂಬೆಗಳು ಸುರಿಯುತ್ತವೆ.]

ಇವರು ನಮ್ಮ ಪ್ರಯಾಣಿಕರು. ಬಣ್ಣ ಹಚ್ಚದ ಪ್ಯಾಕೆಟ್ ತಗೊಂಡರೆ ಅಗ್ಗ. ಜರ್ಮನಿಯ ಪ್ರೈಸರ್ ಗೊಂಬೆಗಳ ಮೂಗು, ಬೆರಳು ಎಲ್ಲ ಸ್ಪಷ್ಟ; ಬೆಲೆಯೂ ಅಷ್ಟೇ ಸ್ಪಷ್ಟ. ನೂರು ಗೊಂಬೆಗಳ ಅಗ್ಗದ ಪ್ಯಾಕೆಟ್ಟಿನ ಮೇಲೆ ಎಚ್‌ಒ ಅಂತ ಬರೆದಿದ್ದರೂ ಒಳಗೆ ಕೆಲವರು 1:75, ಕೆಲವರು 1:100. ಸ್ಕೇಲ್ ಹಿಡಿದು ಅಳೆದು, ತೀರಾ ದೈತ್ಯರನ್ನು ಬದಿಗಿಡಿ. ಕುಳ್ಳರು ಹಿಂದಿನ ಸಾಲಿಗೆ ಆಗುತ್ತಾರೆ, ದೂರ ಇದ್ದ ಹಾಗೆ ಕಾಣುತ್ತದೆ.

ಆದರೆ ಇವರ ಉಡುಗೆ ನೋಡಿ. ಓವರ್‌ಕೋಟು, ಹ್ಯಾಟು, ಮೊಣಕಾಲಿನ ತನಕ ಸ್ಕರ್ಟು. ಮೇ ತಿಂಗಳ ಮುಂಬೈಯಲ್ಲಿ ಓವರ್‌ಕೋಟು!

ಚಾಕು ತೆಗೆದುಕೊಳ್ಳಿ. ಹ್ಯಾಟಿನ ಅಂಚು ಕೆರೆದರೆ ತಲೆಕೂದಲಾಯಿತು. ಕೋಟಿನ ಕಾಲರ್ ಸವರಿದರೆ ಹೊರಗೆ ಬಿಟ್ಟ ಶರ್ಟು. ಎರಡು ತುದಿ ಚೂಪು ಮಾಡಿದ ಕ್ಯಾಪ್ ಗಾಂಧಿ ಟೋಪಿ, ಅಲ್ಲಿಗೆ ಡಬ್ಬಾವಾಲಾ ಸಿದ್ಧ. ಅವನ ತಲೆಯ ಮೇಲಿನ ಉದ್ದ ಹಲಗೆಗೆ ಬೆಂಕಿಕಡ್ಡಿಯ ಸೀಳು ಸಾಕು. ಡಬ್ಬಗಳಿಗೆ ಮೊದಲು ರಾಗಿ ಅಂಟಿಸಿದ್ದೆ. ಒಂದೂಕಾಲು ಮಿಲಿಮೀಟರ್ ಕಾಳು ಈ ಸ್ಕೇಲಿನಲ್ಲಿ ಹನ್ನೊಂದು ಸೆಂಟಿಮೀಟರ್ ಆಗುತ್ತದೆ, ಸರಿಯಾದ ಅಳತೆ. ನೋಡಿದರೆ ಡಬ್ಬಾವಾಲಾ ತೆಂಗಿನಕಾಯಿ ಹೊತ್ತ ಹಾಗಿತ್ತು. ಅದನ್ನು ಕಿತ್ತು, ತಾಮ್ರದ ತಂತಿಯನ್ನು ತುಂಡು ತುಂಡು ಕತ್ತರಿಸಿ ಇಟ್ಟೆ. ರಾಗಿ ವ್ಯರ್ಥವಾಗಲಿಲ್ಲ, ಪೂಜಾ ಸಾಮಾನಿನ ಅಂಗಡಿಯ ಮುಂದೆ ತೆಂಗಿನಕಾಯಿ ರಾಶಿಯಾಯಿತು. ಪಕ್ಕದಲ್ಲಿ ಹಸಿರು ಬಳಿದ ಸಾಸಿವೆ, ಎಳನೀರು.

ಸೀರೆ ನಿಜವಾದ ಪರೀಕ್ಷೆ. ತೆಳು ಕಾಗದ, ನೀರು ಬೆರೆಸಿದ ಫೆವಿಕಾಲ್. ಕಾಗದ ಎಷ್ಟು ತೆಳುವಾದರೂ ಸಾಲದು, 0.03 ಮಿಲಿಮೀಟರ್ ಇದ್ದರೂ 87ರಿಂದ ಗುಣಿಸಿದರೆ ಎರಡೂವರೆ ಮಿಲಿಮೀಟರ್ ದಪ್ಪದ ಕಂಬಳಿ. ಇಡೀ ಸೀರೆ ಉಡಿಸಲು ಹೋದರೆ ಹೆಂಗಸು ಹಾಸಿಗೆ ಸುತ್ತಿಕೊಂಡ ಹಾಗೆ ಕಾಣುತ್ತಾಳೆ. ಹಾಗಾಗಿ ಸ್ಕರ್ಟನ್ನು ಪಾದದ ತನಕ ಎಂ-ಸೀಲ್‌ನಿಂದ ಇಳಿಸಿ, ಸೂಜಿಯಿಂದ ಮೂರು ಗೆರೆ ಎಳೆಯಿರಿ, ನೆರಿಗೆಯಾಯಿತು. ಕಾಗದ ಸೆರಗಿಗೆ ಮಾತ್ರ, ಒಂದೇ ಪದರ.

[ಪಕ್ಕದಿಂದ: ಸೀರೆ ಉಟ್ಟ ಗೊಂಬೆ ಬೆರಳ ತುದಿಯಲ್ಲಿ.]

ಪ್ಯಾಕೆಟ್ಟಿನಲ್ಲಿ ಕ್ಯಾಪ್ ಹಾಕಿದ ಸ್ಟೇಷನ್ ಮಾಸ್ಟರ್ ಒಬ್ಬ ಇದ್ದ. ನಮಗೆ ಅವನು ಬೇಡ. ಸೆಂಟ್ರಲ್ ಲೈನಿನ ಮಾಟುಂಗಾವನ್ನು 2017ರಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಯ ಕೈಗೆ ಕೊಟ್ಟರು. ಆಫೀಸಿನ ಬಾಗಿಲಲ್ಲಿ ನಿಲ್ಲುವವಳೂ, ಟಿಕೆಟ್ ಕೇಳುವವಳೂ ಹೆಂಗಸೇ ಆಗಬೇಕು. ಈ ಒಂದು ಗೊಂಬೆ ಬದಲಿಸಿದ್ದಕ್ಕೆ, ಬೋರ್ಡು ಓದುವ ಮೊದಲೇ ನೆಂಟರೊಬ್ಬರು ಇದು ಮಾಟುಂಗಾ ಅಂದರು.

ಬಣ್ಣಕ್ಕೆ ಬರೋಣ. ಗೊಂಬೆಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ, ಅಚ್ಚಿನ ಎಣ್ಣೆ ಹೋಗದಿದ್ದರೆ ಬಣ್ಣ ಸಿಪ್ಪೆ ಏಳುತ್ತದೆ. ಆಮೇಲೆ ಬೂದು ಪ್ರೈಮರ್. ಗೊಂಬೆಯನ್ನು ಬಾಟಲಿ ಮುಚ್ಚಳಕ್ಕೆ ಅಂಟಿಸಿಕೊಂಡರೆ ಬೆರಳು ತಾಗುವುದಿಲ್ಲ. ಅಕ್ರಿಲಿಕ್ ಬಣ್ಣವನ್ನು ನೀರಿನಿಂದ ಮಜ್ಜಿಗೆಯಷ್ಟು ತೆಳು ಮಾಡಿ, ಎರಡು ಕೈ ಹಚ್ಚಿ.

ಮೈಬಣ್ಣಕ್ಕೆ ಡಬ್ಬಿಯ ಗುಲಾಬಿ ಬೇಡವೇ ಬೇಡ. ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು, ಯೆಲ್ಲೊ ಓಕರ್ ಅನ್ನುವ ಮಣ್ಣಿನ ಹಳದಿ, ಒಂದು ಚಿಟಿಕೆ ಬಿಳಿ. ಮೂರು ನಾಲ್ಕು ಪಾಕ ಮಾಡಿಟ್ಟುಕೊಳ್ಳಿ, ಒಂದೇ ಬಣ್ಣದ 27 ಮುಖ ನಮ್ಮೂರಿನಲ್ಲಿ ಎಲ್ಲಿದೆ? ಡಬ್ಬಾವಾಲಾನ ಬಿಳಿ ಅಂಗಿಗೆ ಅಚ್ಚ ಬಿಳಿ ಹಚ್ಚಬೇಡಿ. ಇಷ್ಟು ಸಣ್ಣ ಮೈಮೇಲೆ ಅದು ಬಲ್ಬಿನ ಹಾಗೆ ಉರಿಯುತ್ತದೆ. ತಿಳಿ ಬೂದು ಹಚ್ಚಿ, ಭುಜದ ಮೇಲೆ ಮಾತ್ರ ಬಿಳಿ ಸವರಿ. ಕಪ್ಪು ಕೂದಲಿಗೂ ಕಪ್ಪಲ್ಲ, ಗಾಢ ಕಂದು. ಕಣ್ಣು ಬರೆಯಲು ಹೋಗಬೇಡಿ. ಬರೆದರೆ ಎಲ್ಲರೂ ದೆವ್ವ ಕಂಡವರಂತೆ ನಿಲ್ಲುತ್ತಾರೆ. ಕೊನೆಗೆ ನೀರುನೀರಾದ ಕಂದು ಬಣ್ಣವನ್ನು ಮೈತುಂಬ ಹರಿಸಿ. ಅದು ಮಡಿಕೆಗಳಲ್ಲಿ, ಹುಬ್ಬಿನ ಕೆಳಗೆ ತಾನೇ ಹೋಗಿ ಕೂತು ಕಣ್ಣಿನ ನೆರಳು ಕೊಡುತ್ತದೆ.

ಮೇಲೆ ಮ್ಯಾಟ್ ವಾರ್ನಿಶ್. ಹೊಳೆಯುವ ಮನುಷ್ಯ ಗೊಂಬೆಯೇ. ಇಲ್ಲಿ ನನ್ನದೊಂದು ಪೆದ್ದುತನ ಹೇಳಬೇಕು. ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ, ನಾನು ಬಾಲ್ಕನಿಯಲ್ಲಿ ಸ್ಪ್ರೇ ಹೊಡೆದೆ. ಗಾಳಿಯ ತೇವ ವಾರ್ನಿಶ್ಶಿನಲ್ಲಿ ಸಿಕ್ಕಿಕೊಂಡು ಹನ್ನೊಂದು ಜನ ವಿಭೂತಿ ಬಳಿದುಕೊಂಡವರಂತೆ ಬೆಳ್ಳಗಾದರು. ಆಮೇಲೆ ತೆಳುವಾಗಿ ಹೊಳಪಿನ ವಾರ್ನಿಶ್ ಬ್ರಶ್ ಮಾಡಿ, ಒಣಹವೆಯ ದಿನ ಮತ್ತೆ ಮ್ಯಾಟ್ ಹೊಡೆದು ಏಳು ಜನರನ್ನು ಉಳಿಸಿಕೊಂಡೆ. ಉಳಿದ ನಾಲ್ವರು ಈಗ ಟ್ರೇನಿನ ಒಳಗೆ, ಕಿಟಕಿಯ ಆಚೆ ಕೂತಿದ್ದಾರೆ. ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಬ್ರಶ್ಶಿನಿಂದಲೇ ಹಚ್ಚಿ.

ಇನ್ನು ನಿಲ್ಲಿಸುವುದು. ಕಾಲಡಿಯ ಪ್ಲಾಸ್ಟಿಕ್ ಬಿಲ್ಲೆಯನ್ನು ನೇಲ್ ಕಟರ್‌ನಿಂದ ತೆಗೆಯಿರಿ. ಹಿಮ್ಮಡಿಯಲ್ಲಿ ಸಣ್ಣ ತೂತು ಕೊರೆದು 0.3 ಮಿಲಿಮೀಟರ್ ತಂತಿ ಸಿಕ್ಕಿಸಿದರೆ ಎಲ್ಲಿ ಬೇಕಾದರೂ ನೆಡಬಹುದು, ಬೇಡ ಅನಿಸಿದರೆ ಕೀಳಬಹುದು. ಸೂಪರ್ ಗ್ಲೂ ಬೇಡ, ಅದರ ಹೊಗೆ ಬಣ್ಣದ ಮೇಲೆ ಬಿಳಿ ಮಸುಕು ಬಿಡುತ್ತದೆ. ಅಂಚಿಗೆ ನಿಲ್ಲಿಸುವ ಮೊದಲು ಕೋಚಿನ ಪಕ್ಕಕ್ಕೆ ಒಂದು ಪೆನ್ಸಿಲ್ ಕಟ್ಟಿ ಓಡಿಸಿ. ಗೆರೆಯ ಒಳಗೆ ನಿಂತವನಿಗೆ ಅಪಘಾತ ಖಂಡಿತ.

ಓಡುವ ಭಂಗಿಯ ಗೊಂಬೆ ನನಗೆ ಸೇರುವುದಿಲ್ಲ. ಟ್ರೇನು ಹತ್ತು ಸಲ ಬಂದು ಹೋದರೂ ಅವನು ಎತ್ತಿದ ಕಾಲು ಇಳಿಸುವುದಿಲ್ಲ. ಕೂತವರು, ಕಂಬಕ್ಕೆ ಒರಗಿದವರು, ಹರಟುವವರು, ಇವರು ನಿಂತೇ ಇದ್ದರೂ ಯಾಕೆ ಅಂತ ಯಾರೂ ಕೇಳುವುದಿಲ್ಲ. ಸಾಲಾಗಿ ಸಮ ಅಂತರದಲ್ಲಿ ನೆಡಬೇಡಿ, ಅದು ಶಾಲೆಯ ಪ್ರಾರ್ಥನೆ. ಮುಂಬೈಯವನಿಗೆ ತನ್ನ ಡಬ್ಬಿಯ ಬಾಗಿಲು ಎಲ್ಲಿ ಬರುತ್ತದೆ ಅಂತ ಗೊತ್ತು. ಹಾಗಾಗಿ ಬಾಗಿಲು ಬರುವಲ್ಲಿ ಗುಂಪು, ನಡುವೆ ಖಾಲಿ.

[ಲೋಕಲ್ ಬಂದು ನಿಲ್ಲುತ್ತದೆ. ಬಾಗಿಲುಗಳ ಎದುರಿಗೇ ಜನ.]

ಎಲ್ಲ ಮುಗಿಸಿ ಅಮ್ಮನನ್ನು ಕರೆದು ತೋರಿಸಿದೆ. ಅವರು ಟ್ರೇನ್ ನೋಡಲೇ ಇಲ್ಲ. ಹೊರಗಿನ ಗಲ್ಲಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೂವಿನವಳನ್ನೇ ದಿಟ್ಟಿಸಿ, "ಮೂರು ಗಂಟೆ ಬಿಸಿಲಿಗೆ ಮಲ್ಲಿಗೆ ಇಟ್ಟುಕೊಂಡು ಯಾರಾದರೂ ಕೂರುತ್ತಾರೇನೋ?" ಅಂದರು.

ತಂತಿ ಕಿತ್ತು, ಎರಡು ಸೆಂಟಿಮೀಟರ್ ಒಳಗೆ, ನೆರಳಿಗೆ ನೆಟ್ಟೆ. ಅವಳ ಲೆಕ್ಕದಲ್ಲಿ ಒಂದೂಮುಕ್ಕಾಲು ಮೀಟರ್.

[ಹೂವಿನವಳ ಮೇಲೆ ಛಾವಣಿಯ ನೆರಳು. ಸ್ವಿಚ್ ಆರಿದ ಸದ್ದು.]