ರೈಲ್ಸ್ ಟ್ಯೂಬ್: ಮೊದಲು ಎಕ್ಸ್-ರೇ, ಆಮೇಲೆ ಗಂಜಿ

ಕೇಳುಗರಿಗೆ ನಮಸ್ಕಾರ. ತುಮಕೂರಿನ ಆಸ್ಪತ್ರೆಗಳಲ್ಲಿ ಐಸಿಯು ಬಾಗಿಲ ಹೊರಗೆ ಫ್ಲಾಸ್ಕ್ ಹಿಡಿದು ಕುಳಿತವರೊಂದಿಗೆ ಇವತ್ತಿನ ನನ್ನ ಮಾತು. ಒಳಗಿರುವ ನಿಮ್ಮವರಿಗೆ ಪ್ರಜ್ಞೆಯಿಲ್ಲ, ನುಂಗಲಾರರು. ಅದಕ್ಕೇ ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸುತ್ತೇವೆ. ರೈಲ್ಸ್ ಟ್ಯೂಬ್ ಎಂದರೆ ನಿಮಗೆ ಗೊತ್ತು. ಹೊಸದಾಗಿ ಹಾಕಿದ ಈ ನಳಿಕೆಯ ತುದಿ ಎಲ್ಲಿದೆಯೆಂದು ಎಕ್ಸ್-ರೇಯಲ್ಲಿ ನೋಡುವ ತನಕ ಒಂದು ತೊಟ್ಟು ನೀರನ್ನೂ ಬಿಡಬಾರದು.

ಗಂಟಲಿನಲ್ಲಿ ದಾರಿ ಎರಡು: ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ. ನೀರು ನೆತ್ತಿಗೆ ಹತ್ತಿದರೆ ನಾವು ಕೆಮ್ಮಿ ಕಣ್ಣೀರಾಗುತ್ತೇವೆ. ಪ್ರಜ್ಞೆ ತಪ್ಪಿದವರು ನಳಿಕೆ ಶ್ವಾಸಕೋಶಕ್ಕೆ ಹೋದರೂ ಕೆಮ್ಮದಿರಬಹುದು.

ಮಧುಗಿರಿ ಕಡೆಯ ರೈತರೊಬ್ಬರು ಪಾರ್ಶ್ವವಾಯುವಾಗಿ ವೆಂಟಿಲೇಟರ್‌ನಲ್ಲಿದ್ದರು. ನಳಿಕೆ ಹಾಕಿ, ಸಿರಿಂಜಿನಿಂದ ಗಾಳಿ ಊದಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಗುಳುಗುಳು ಸದ್ದು. ಈ ಸದ್ದು ಬಂದರೆ ನಳಿಕೆ ಜಠರದಲ್ಲೇ ಇದೆಯೆಂಬುದು ಹಳೆಯ ನಂಬಿಕೆ. ಹಿರಿಯ ಮಗ ಮೊದಲ ಬಸ್ಸಿಗೇ ರಾಗಿ ಗಂಜಿ ತಂದಿದ್ದ. "ಸದ್ದು ಬಂತಲ್ಲ ಸಾರ್, ನಿನ್ನೆಯಿಂದ ಅಪ್ಪನ ಹೊಟ್ಟೆ ಖಾಲಿ!" ಎಕ್ಸ್-ರೇ ಎಂದೆ. ಯಂತ್ರ ಬರುವುದು ತಡವಾಯಿತು. ಆತ ಮುಖ ಗಂಟಿಕ್ಕಿಕೊಂಡೇ ಇದ್ದ. ಚಿತ್ರ ಬಂದಾಗ ಕರೆದು ತೋರಿಸಿದೆ. ಎದೆಯ ನಡುವೆ ನೇರ ಇಳಿದು, ಎದೆ-ಹೊಟ್ಟೆಗಳ ನಡುವಿನ ಪೊರೆಯಾದ ವಪೆ ದಾಟಿ ಎಡಕ್ಕೆ ಹೊರಳಬೇಕಾದ ಬಿಳಿ ಗೆರೆ ಬಲಕ್ಕೆ ಬಾಗಿ ಶ್ವಾಸಕೋಶ ಹೊಕ್ಕಿತ್ತು. ಆ ಗೆರೆಯ ಮೇಲೆ ಬೆರಳಾಡಿಸಿ, "ಗಂಜಿ ಇಲ್ಲಿಗೇ ಹೋಗುತ್ತಿತ್ತೇ?" ಎಂದ. ಹೌದಪ್ಪ, ಅಲ್ಲಿಗೇ. ನಳಿಕೆ ತೆಗೆದು ಮತ್ತೆ ಹಾಕಿದೆವು, ಮತ್ತೆ ಎಕ್ಸ್-ರೇ. ಸಂಜೆ ಆಹಾರ ಶುರುವಾಯಿತು.

ಶ್ವಾಸಕೋಶಕ್ಕೆ ಊದಿದ ಗಾಳಿಯ ಸದ್ದೂ ಹೊಟ್ಟೆಯ ಮೇಲೆ ಕೇಳಿಸುತ್ತದೆ! ಇದನ್ನು ಹೇಳಿ ಹೇಳಿ ನನಗೇ ಸಾಕಾಗಿದೆ, ಆದರೂ ಸದ್ದನ್ನು ನಂಬುವ ಹಳೆಯ ಚಾಳಿ ಹೋಗಿಲ್ಲ. ರೋಗಿ ಐಸಿಯುಗೆ ಬಂದ 48 ಗಂಟೆಯೊಳಗೆ ಆಹಾರ ಶುರುಮಾಡಬೇಕು, ನಿಜ. ಎಕ್ಸ್-ರೇಗೆ ಒಂದು ಗಂಟೆ ಕಾದರೆ ಯಾರೂ ಉಪವಾಸ ಸಾಯುವುದಿಲ್ಲ.

ಸಮಯ ಮುಗಿಯುತ್ತಿದೆಯೆಂದು ಒಳಗಿನಿಂದ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಬೈಕಿನಿಂದ ಬಿದ್ದು ತಲೆಬುರುಡೆಯ ತಳ ಮುರಿದವರಿಗೆ ಮೂಗಿನಿಂದ ನಳಿಕೆ ಹಾಕುವುದಿಲ್ಲ, ಬಾಯಿಯಿಂದ ಹಾಕುತ್ತೇವೆ. ಆಹಾರ ಕೊಡುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರವಿರಲಿ. ನಳಿಕೆಯೊಂದಿಗೆ ಮನೆಗೆ ಕಳುಹಿಸಿದ್ದರೆ, ಮೂಗಿನ ಹೊಳ್ಳೆಯ ಬಳಿ ಹಾಕಿರುವ ಗುರುತನ್ನು ಪ್ರತಿ ಸಲ ನೋಡಿ. ಜರುಗಿದ್ದರೆ ನೀವೇ ಒಳಗೆ ತಳ್ಳಬೇಡಿ. ಗಂಜಿ ನಿಲ್ಲಿಸಿ, ಆಸ್ಪತ್ರೆಗೆ ಫೋನ್ ಮಾಡಿ. ನಮಸ್ಕಾರ.